ನಾನಲ್ಲ ಎಂದವರ ಪೇಟೆಂಟು

ಆ ನಮೂನೆ ಏಳನೆಯ ಸಲ ಮಾರ್ಲಿಸ್ ಟ್ವೆಟ್‌ಳ ಮೇಜಿಗೆ ವಾಪಸು ಬಂದಾಗ ಅದರ ಮೂರನೆಯ ಪುಟದಲ್ಲಿ ತೂತು ಬೀಳುವುದೊಂದು ಬಾಕಿ ಇತ್ತು. 'ಕಂಡುಹಿಡಿದವರ ಹೆಸರು' ಎಂಬ ಸಾಲಿನಲ್ಲಿ ಮೊದಲು ಲೈಲ್ ಓಬರ್ಗ್ ಎಂದು ಬರೆದಿತ್ತು. ಅದನ್ನು ಸ್ವತಃ ಲೈಲ್ ಓಬರ್ಗನೇ ಹೊಡೆದುಹಾಕಿ ಡಾ. ಹಾಲ್ವರ್ ಸ್ಟೆನ್ಸ್‌ರುಡ್ ಎಂದು ಬರೆದಿದ್ದ. ಹಾಲ್ವರ್ ಅದನ್ನು ಹೊಡೆದು ಮತ್ತೆ ಲೈಲ್ ಎಂದು ಬರೆದಿದ್ದ. ಲೈಲ್ ಮತ್ತೆ ಹೊಡೆದಿದ್ದ. ಹನ್ನೊಂದು ತಿಂಗಳಿಂದ ಇದೇ ಆಟ. ಈ ಸಲ ಹಾಲ್ವರ್ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ್ದ: 'ಎಲ್ಲರೂ ಸೇರಿ ಮಾಡಿದ್ದು, ಹೆಸರೇಕೆ?'

ಮಾರ್ಲಿಸ್ ಕನ್ನಡಕ ತೆಗೆದಿಟ್ಟು ಹಣೆ ಒತ್ತಿಕೊಂಡಳು. ಅಂದು ಮಂಗಳವಾರ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲವೂ ಮುಗಿದುಹೋಗುವುದಿತ್ತು.

ಮಿನಿಸೋಟಾದ ಉತ್ತರದ ಮೂಲೆಯಲ್ಲಿರುವ ಆ ಸಣ್ಣ ವಿಶ್ವವಿದ್ಯಾಲಯದಲ್ಲಿ ಪರವಾನಗಿ ಕಚೇರಿ ಎಂದರೆ ಮಾರ್ಲಿಸ್, ಮಾರ್ಲಿಸ್ ಎಂದರೆ ಪರವಾನಗಿ ಕಚೇರಿ. ಸರ್ಕಾರದ ದುಡ್ಡಿನಲ್ಲಿ ಪ್ರಾಧ್ಯಾಪಕರು ಏನಾದರೂ ಕಂಡುಹಿಡಿದರೆ ವಿಶ್ವವಿದ್ಯಾಲಯ ಅದನ್ನು ತನ್ನ ಹೆಸರಿಗೆ ಇಟ್ಟುಕೊಳ್ಳಬಹುದು. ಆದರೆ ಕಪಾಟಿನಲ್ಲಿಟ್ಟು ಬೀಗ ಜಡಿಯಬಾರದು, ಯಾವುದಾದರೂ ಕಂಪನಿಗೆ ಪರವಾನಗಿ ಕೊಟ್ಟು ಜನರ ಕೈಗೆ ತಲುಪಿಸಬೇಕು. ಆ ತಲುಪಿಸುವ ಕೆಲಸ ಇವಳದು. ಆರು ವರ್ಷದಲ್ಲಿ ಇವಳು ತಲುಪಿಸಿದ್ದು ಒಂದೇ ಒಂದು, ಸೂರ್ಯಕಾಂತಿ ಬೀಜ ಸುಲಿಯುವ ಯಂತ್ರ. ಅದೂ ಸುಲಿದದ್ದಕ್ಕಿಂತ ಜಜ್ಜಿದ್ದೇ ಹೆಚ್ಚು.

ಈ ಸಲ ಕೈಗೆ ಬಂದದ್ದು ಮಾತ್ರ ನಿಜವಾದ ಮಾಲು. ರಸ್ತೆಯ ಹಿಮ ತಳ್ಳುವ ಲಾರಿಗಳಿಗೆ ಮುಂದೆ ದೊಡ್ಡ ಕಬ್ಬಿಣದ ಅಲಗು ಇರುತ್ತದಷ್ಟೆ. ಒದ್ದೆ ಹಿಮ ಆ ಅಲಗಿಗೇ ಮೆತ್ತಿಕೊಂಡು ಕಲ್ಲಾಗುತ್ತದೆ. ಚಾಲಕ ಮೈಲಿಗೊಮ್ಮೆ ಇಳಿದು ಸುತ್ತಿಗೆಯಿಂದ ಬಡಿಯಬೇಕು. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಅಲಗಿಗೆ ಬಳಿದರೆ ಹಿಮ ಮೆತ್ತುವುದಿಲ್ಲ ಎಂಬುದು ಬೀಟ್ ಲ್ಯಾಬಿನ ಪ್ರಾಧ್ಯಾಪಕ ಹಾಲ್ವರನಿಗೆ ಗೊತ್ತಿತ್ತು. ಆದರೆ ಬಳಿದದ್ದು ಅರ್ಧ ಗಂಟೆಯಲ್ಲಿ ತೊಳೆದುಹೋಗುತ್ತಿತ್ತು. ಮೂರು ವರ್ಷ ಸರ್ಕಾರದ ದುಡ್ಡು ಹೀಗೆ ರಸ್ತೆಗೆ ಸುರಿದ ಮೇಲೆ, ಒಂದು ದಿನ ನಾಲ್ಕನೆಯ ಪೀಪಾಯಿಯ ಕಾಕಂಬಿ ಮಾತ್ರ ಅಲಗಿಗೆ ಅಂಟಿದ್ದು ಅಂಟಿದಂತೆ ಎರಡು ವಾರ ನಿಂತಿತು. ಪರೀಕ್ಷೆ ಮಾಡಿ ನೋಡಿದರೆ ಅದರಲ್ಲಿ ಹುಳಿ ಬಂದ ಆಲೂಗಡ್ಡೆಯ ಗಂಜಿ ಇತ್ತು. ಹಾಲ್ವರ್ ಮತ್ತು ಅವನ ಸಹಾಯಕ ಲೈಲ್ ಅದನ್ನು ಅಳೆದರು, ತೂಗಿದರು, ಹತ್ತು ಸಲ ಮಾಡಿ ನೋಡಿದರು. ಪ್ರತಿ ಸಲವೂ ನಿಂತಿತು.

ಆಮೇಲೆ ಹಾಲ್ವರ್ ಮಾಡಿದ ಘನಕಾರ್ಯವೆಂದರೆ, ಬೀಟ್ ಬೆಳೆಗಾರರ ಸಭೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿ ಬಂದದ್ದು. ಯಾರೋ ಸೌಜನ್ಯಕ್ಕೆ ಕೇಳಿದರು, ಇವನು ಸೌಜನ್ಯಕ್ಕೆ ಹೇಳಿದ. ಒಂದು ಸಲ ಬಾಯಿಬಿಟ್ಟ ಮೇಲೆ ಪೇಟೆಂಟಿಗೆ ಅರ್ಜಿ ಹಾಕಲು ಒಂದು ವರ್ಷ ಮಾತ್ರ ಅವಕಾಶ. ಆ ವರ್ಷ ತುಂಬುವುದು ಈ ಶುಕ್ರವಾರ, ಅರ್ಜಿ ಹಾಕುವ ವಕೀಲರಿಗೆ ಕಾಗದ ಅಂದು ಮಧ್ಯಾಹ್ನ ಹನ್ನೆರಡರೊಳಗೆ ತಲುಪಬೇಕು.

ಮಾರ್ಲಿಸ್ ನಮೂನೆ ಹಿಡಿದು ಹಾಲ್ವರನ ಕೋಣೆಗೆ ಹೋದಳು. ಅರವತ್ತು ದಾಟಿದ ಹಾಲ್ವರ್ ಆರಡಿ ನಾಲ್ಕಂಗುಲದ ಆಳು. ಹೊಗಳಿಕೆಯ ವಾಸನೆ ಬಂದರೆ ಸಾಕು, ಮೇಜಿನ ಕೆಳಗೆ ಜಾಗ ಹುಡುಕುವವನು. ಗಂಜಿಯ ಉಪಾಯ ಯಾರದು ಎಂದು ಇವಳು ಕೇಳಿದಳು. ಅವನು ಕಿಟಕಿಯಾಚೆ ನೋಡಿ ಈ ಸಲ ಹಿಮ ಕರಗುವುದು ತಡವಾಗಬಹುದು ಎಂದ. ಮತ್ತೆ ಕೇಳಿದಳು. ಲೈಲ್ ಬಹಳ ಜಾಣ, ಅವನನ್ನೇ ಕೇಳುವುದು ಒಳ್ಳೆಯದು ಎಂದ. ಲೈಲನ ಹತ್ತಿರ ಹೋದರೆ ಅವನು ಕಿವಿಯವರೆಗೂ ಕೆಂಪಾಗಿ, ಡಾಕ್ಟ್ರು ಇರುವಾಗ ತನ್ನದೇನು, ತಾನು ಕಲಕಿದ್ದಷ್ಟೇ ಎಂದ.

ಮಾರ್ಲಿಸ್‌ಗೆ ಇದೇನೂ ಹೊಸದಲ್ಲ. ಚರ್ಚಿನ ಊಟದಲ್ಲಿ ತಟ್ಟೆಯ ಕೊನೆಯ ಸಿಹಿ ತುಂಡನ್ನು ಯಾರೂ ಪೂರ್ತಿ ತೆಗೆದುಕೊಳ್ಳದ ಊರು ಅದು. ಒಬ್ಬರು ಅರ್ಧ ಕತ್ತರಿಸುತ್ತಾರೆ, ಮುಂದಿನವರು ಅದರ ಅರ್ಧ, ಅವರ ಮುಂದಿನವರು ಅದರಲ್ಲೂ ಅರ್ಧ. ಕಡೆಗೆ ಇರುವೆಗೂ ಸಾಲದ ಪುಡಿಯೊಂದು ತಟ್ಟೆಯಲ್ಲಿ ಉಳಿದು ಕಸಕ್ಕೆ ಹೋಗುತ್ತದೆ. ಅವಳೂ ಅಲ್ಲೇ ಹುಟ್ಟಿ ಬೆಳೆದವಳು. ವರ್ಷಕ್ಕೊಮ್ಮೆ ತನ್ನ ಕೆಲಸದ ವರದಿಯಲ್ಲಿ 'ಈ ವರ್ಷದ ಸಾಧನೆ' ಎಂಬಲ್ಲಿ 'ಪರವಾಗಿಲ್ಲ' ಎಂದು ಬರೆದು ಕೊಡುವವಳು. ಆದರೂ ಆ ದಿನ ಅವಳಿಗೆ ತನ್ನ ಜನರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಇಷ್ಟು ವಿನಯ ಯಾವ ದೇವರಿಗೆ ಬೇಕಾಗಿದೆ?

ಸಿಟ್ಟಿಗೆ ಕಾರಣವಿತ್ತು. ಮಧ್ಯಾಹ್ನ ಕರ್ಟ್ ಎಂಗೆಬ್ರೆಟ್‌ಸನ್ ಬಂದಿದ್ದ. ಶಾಲೆಯಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಕೂತಿದ್ದವನು. ಈಗ ಊರಾಚೆ ಅಪ್ಪನ ಕಾಲದ ಅಲಗು ತಯಾರಿಸುವ ಕಾರ್ಖಾನೆ ನಡೆಸುತ್ತಾನೆ. ಗಂಜಿ ಬಳಿದ ಅಲಗನ್ನು ಮಾಡುವ ಹಕ್ಕು ಅವನೊಬ್ಬನಿಗೇ ಸಿಕ್ಕಿದರೆ ಕಾರ್ಖಾನೆ ಉಳಿಯುತ್ತದೆ. ಪೇಟೆಂಟ್ ಇಲ್ಲದಿದ್ದರೆ ದೊಡ್ಡ ಕಂಪನಿಗಳು ಆರು ತಿಂಗಳಲ್ಲಿ ಅದನ್ನೇ ಮಾಡಿ ಅವನನ್ನು ಗುಡಿಸಿಹಾಕುತ್ತವೆ. ಇದನ್ನೆಲ್ಲ ಅವನು ಹೇಳಲಿಲ್ಲ. ಟೋಪಿ ತಿರುಗಿಸುತ್ತ ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತು ಮೀನು ಹಿಡಿಯುವ ಮಾತಾಡಿದ.

"ಶುಕ್ರವಾರದೊಳಗೆ ಆದ್ರೆ ಕೆಟ್ಟದ್ದೇನಲ್ಲ, ಮಾರ್ಲಿಸ್," ಎಂದ ಕೊನೆಗೆ.

"ಕಷ್ಟದಲ್ಲಿದೀಯಾ?"

"ಹಂಗೇನಿಲ್ಲ. ಸೋಮವಾರದಿಂದ ಎರಡನೇ ಪಾಳಿಯವ್ರಿಗೆ ಮನೇಲಿರಿ ಅಂದಿದೀನಿ. ಅವ್ರಿಗೂ ಸ್ವಲ್ಪ ರೆಸ್ಟು ಸಿಗ್ಲಿ ಅಂತ."

ಎರಡನೇ ಪಾಳಿ ಎಂದರೆ ಇಪ್ಪತ್ತಾರು ಜನ. ಆ ಊರಿನ ಭಾಷೆ ಬಲ್ಲವರಿಗೆ, 'ಕೆಟ್ಟದ್ದೇನಲ್ಲ' ಎಂದರೆ ಕಾಲಿಗೆ ಬೀಳುತ್ತೇನೆ ಎಂದರ್ಥ.

ಬುಧವಾರ ಬೆಳಿಗ್ಗೆ ಮಿನಿಯಾಪೊಲಿಸಿನಿಂದ ಪೇಟೆಂಟ್ ವಕೀಲೆ ರೋಸಲಿ ಕ್ಯಾಂಟರ್ ಫೋನ್ ಮಾಡಿದಳು. ಈಕೆ ನ್ಯೂಯಾರ್ಕಿನಲ್ಲಿ ಬೆಳೆದವಳು, ಮುಚ್ಚುಮರೆ ಗೊತ್ತಿಲ್ಲ. ಇಬ್ಬರ ಹೆಸರನ್ನೂ ಹಾಕಿಬಿಟ್ಟರೆ ಆಗದೇ ಎಂದು ಮಾರ್ಲಿಸ್ ಕೇಳಿದ್ದಕ್ಕೆ ಅತ್ತ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

"ಇದು ಮದುವೆ ಕಾಗದ ಅಲ್ಲಮ್ಮ, ಗೌರವಕ್ಕೆ ಅಂತ ಎಲ್ಲರ ಹೆಸರು ಹಾಕೋದಕ್ಕೆ. ಉಪಾಯ ಯಾರ ತಲೇಲಿ ಹುಟ್ತೋ ಅವ್ರ ಹೆಸರು ಇರ್ಬೇಕು. ಅವ್ರದ್ದು ಬಿಟ್ರೂ ತಪ್ಪು, ಬೇರೆಯವ್ರದ್ದು ಸೇರಿಸಿದ್ರೂ ತಪ್ಪು. ನಾಳೆ ದೊಡ್ಡ ಕಂಪನಿಯೋರು ಕೋರ್ಟಿಗೆ ಎಳೆದ್ರೆ ಮೊದ್ಲು ಕೇಳೋದೇ ಅದನ್ನ. ನಿಮ್ಮ ಕರ್ಟ್ ಕಟ್ಟಿದ್ದೆಲ್ಲ ಕುಸಿದುಬೀಳತ್ತೆ."

"ಯಾರೂ ಒಪ್ಕೊಳ್ತಿಲ್ಲ, ರೋಸಲಿ."

"ನಮ್ಮ ಕಡೆ ಒಂದು ಪೇಟೆಂಟಿಗೆ ಹತ್ತು ಜನ ಕಿತ್ತಾಡ್ತಾರೆ. ನಿಮ್ಮ ನೀರಲ್ಲಿ ಏನು ಹಾಕ್ತಾರೆ?" ಎಂದು ಹೇಳಿ ಅವಳು ಫೋನಿಟ್ಟಳು.

ಮಾರ್ಲಿಸ್ ಕಾಫಿ ಕುಡಿಯಲು ಹೋದಳು. ಅಲ್ಲಿ ಲೈಲ್ ತಿರುಗುವಾಗ ಮೊಣಕೈ ತಾಗಿ ಹಾಲ್ವರನ ಮಗ್ ಕೆಳಗೆ ಬಿದ್ದು ಚೂರಾಯಿತು. ತಪ್ಪು ನನ್ನದು ಎಂದ ಲೈಲ್. ಅಲ್ಲ, ಅಂಚಿನಲ್ಲಿಟ್ಟದ್ದು ನಾನು, ನನ್ನದೇ ತಪ್ಪು ಎಂದ ಹಾಲ್ವರ್. ಆಲೂಗಡ್ಡೆ ಲ್ಯಾಬಿನ ಒಬ್ಬಳು ತಾನು ಆಗಲೇ ನೋಡಿದ್ದೆ, ಹೇಳಬೇಕಿತ್ತು, ಹೇಳಲಿಲ್ಲ ಎಂದಳು. ಹೊರಗೆ ಹೋಗುತ್ತಿದ್ದ ಲೆಕ್ಕಶಾಸ್ತ್ರದವನು ತಲೆ ಒಳಗೆ ಹಾಕಿ, ಬಾಗಿಲು ತಾನು ಜೋರಾಗಿ ಎಳೆದದ್ದರಿಂದ ಹೀಗಾಯಿತೇನೋ ಎಂದು ಕ್ಷಮೆ ಕೇಳಿದ. ಒಂದು ಮಗ್ಗಿಗೆ ನಾಲ್ಕು ಅಪರಾಧಿಗಳು, ಅದೂ ಅರ್ಧ ನಿಮಿಷದಲ್ಲಿ.

ಮಾರ್ಲಿಸ್ ಕೈಯಲ್ಲಿದ್ದ ಕಾಫಿ ಮರೆತು ಅಲ್ಲೇ ನಿಂತಳು. ಈ ಜನ ಮೆಚ್ಚುಗೆಯನ್ನು ಮುಟ್ಟುವುದಿಲ್ಲ, ಆದರೆ ತಪ್ಪನ್ನು ಯಾರೂ ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ. ಹನ್ನೊಂದು ತಿಂಗಳು ತಾನು ಕೇಳಿದ ಪ್ರಶ್ನೆಯೇ ತಪ್ಪು.

ಆ ಸಂಜೆ ಅವಳು ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಸುಳ್ಳು ಹೇಳುವುದನ್ನು ಅಭ್ಯಾಸ ಮಾಡಿದಳು. ಐವತ್ತೊಂದನೆಯ ವಯಸ್ಸಿಗೆ ಅದೊಂದು ಹೊಸ ವಿದ್ಯೆ. ಮೊದಲ ನಾಲ್ಕು ಸಲ ನಗು ಬಂತು. ಐದನೆಯ ಸಲ ಪರವಾಗಿಲ್ಲ ಅನ್ನಿಸಿತು.

ಗುರುವಾರ ಹತ್ತು ಗಂಟೆಗೆ ಅವಳು ಬೀಟ್ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಲ್ವರ್, ಲೈಲ್ ಇಬ್ಬರೂ ಇದ್ದರು. ಮೂಲೆಯ ತೊಟ್ಟಿಯ ಮುಂದೆ ಆರ್ಡಿಸ್ ಮೋಯೆನ್ ಎಂದಿನಂತೆ ಬೆನ್ನು ಹಾಕಿ ನಿಂತು ಗಾಜಿನ ಪಾತ್ರೆ ತೊಳೆಯುತ್ತಿದ್ದಳು. ಆ ಮಹಡಿಯ ಮೂರು ಲ್ಯಾಬುಗಳ ಪಾತ್ರೆ ತೊಳೆಯುವುದು ಅವಳ ಕೆಲಸ. ಮಾರ್ಲಿಸ್ ಗಂಟಲು ಸರಿಮಾಡಿಕೊಂಡು, ದೊಡ್ಡ ತೊಂದರೆಯಾಗಿದೆ ಎಂದಳು. ಪರೀಕ್ಷೆಗೆಂದು ಕೊಟ್ಟ ಅಲಗುಗಳನ್ನು ಜಿಂಕೆಗಳು ನೆಕ್ಕಲು ಬರುತ್ತಿವೆ. ಹುಳಿಗಂಜಿಯ ರುಚಿ ಹತ್ತಿಬಿಟ್ಟಿದೆ. ಲಾರಿ ಮುಂದೆ ಸಾಲುಗಟ್ಟಿ ನಿಲ್ಲುತ್ತವಂತೆ, ಹಾರನ್ ಹೊಡೆದರೂ ಕದಲುವುದಿಲ್ಲವಂತೆ, ನಿನ್ನೆ ಎರಡು ತಾಸು ರಸ್ತೆ ಬಂದ್ ಆಗಿತ್ತಂತೆ.

"ಅದರಲ್ಲಿ ಆಲೂಗಡ್ಡೆ ಗಂಜಿ ಸೇರಿಸಿದ ತಪ್ಪು ಯಾರದು? ನಂಗೆ ಹೆಸರು ಬೇಕು."

ಅವಳು ಬಾಯಿ ಮುಚ್ಚುವುದರೊಳಗೆ ಹಾಲ್ವರ್ ಎದ್ದು ನಿಂತಿದ್ದ. ತಪ್ಪು ತನ್ನದು ಎಂದ. ಇಲ್ಲ, ಡಾಕ್ಟ್ರಿಗೆ ಇದರಲ್ಲಿ ಸಂಬಂಧವೇ ಇಲ್ಲ, ಮಾಡಿದ್ದು ತಾನು ಎಂದ ಲೈಲ್. ಮಾರ್ಲಿಸ್‌ಗೆ ಒಳಗೊಳಗೇ ಕುಣಿಯುವಂತಾಯಿತು. ಪೆನ್ನು ತೆಗೆದು, ಯಾವ ದಿನ ಸೇರಿಸಿದಿರಿ, ಎಷ್ಟು ಸೇರಿಸಿದಿರಿ ಎಂದು ಕೇಳಿದಳು. ಹಾಲ್ವರ್ ಲೈಲನ ಮುಖ ನೋಡಿದ. ಲೈಲ್ ಹಾಲ್ವರನ ಮುಖ ನೋಡಿದ.

"ನೀವಲ್ವಾ ಡಾಕ್ಟ್ರೇ?" ಎಂದ ಲೈಲ್ ಮೆತ್ತಗೆ.

"ನಾನೆಲ್ಲಿ? ನೀನೇ ಅಂತ ತಿಳ್ಕೊಂಡಿದ್ನಲ್ಲಪ್ಪ ನಾನು."

ವಿನಯವೂ ಅಲ್ಲ, ಮಣ್ಣೂ ಅಲ್ಲ. ಇಬ್ಬರಿಗೂ ಗೊತ್ತೇ ಇರಲಿಲ್ಲ. ಗಂಜಿ ಕಂಡಾಗ ಹಾಲ್ವರ್ ಅದು ಲೈಲನ ಕೆಲಸ ಎಂದುಕೊಂಡ, ಲೈಲ್ ಅದು ಹಾಲ್ವರನದು ಎಂದುಕೊಂಡ. ಕೇಳಿದರೆ ಎಲ್ಲಿ ಹೊಗಳಿದಂತಾಗಿ ಮುಜುಗರವಾಗುತ್ತದೋ ಎಂದು ಇಬ್ಬರೂ ಒಂದು ವರ್ಷ ಬಾಯಿ ಹೊಲಿದುಕೊಂಡಿದ್ದರು. ಮಾರ್ಲಿಸ್‌ಳ ಪೆನ್ನು ಗಾಳಿಯಲ್ಲೇ ನಿಂತಿತು. ಹೋಯಿತು ಶುಕ್ರವಾರ, ಹೋಯಿತು ಕಾರ್ಖಾನೆ ಎಂದುಕೊಂಡಳು.

ತೊಟ್ಟಿಯಲ್ಲಿ ನೀರು ನಿಂತ ಸದ್ದು ಕೇಳಿಸಿತು.

"ನಾನು ಹಾಕಿದ್ದು," ಎಂದಳು ಆರ್ಡಿಸ್.

ಮೂವರೂ ತಿರುಗಿದರು. ಅರವತ್ಮೂರರ ಆ ಹೆಂಗಸು ರಬ್ಬರ್ ಕೈಗವಸು ಬಿಚ್ಚಿ ಮಡಿಸಿಟ್ಟು, ಸೊಂಟದಿಂದ ಲ್ಯಾಬಿನ ಬೀಗದ ಕೈ ಗೊಂಚಲು ತೆಗೆದು ಮೇಜಿನ ಮೇಲೆ ಇಟ್ಟಳು.

"ಜಿಂಕೆ ಬರತ್ತೆ ಅಂತ ಗೊತ್ತಿರ್ಲಿಲ್ಲ. ಡಾಕ್ಟ್ರು ದಿನಾ ಹೇಳ್ತಿದ್ರು, ಕಾಕಂಬಿ ನಿಲ್ತಿಲ್ಲ, ತೊಳೆದುಹೋಗತ್ತೆ ಅಂತ. ತೊಳೆಯೋ ಕೆಲಸ ನಂದಲ್ವಾ, ಯಾವ್ದು ತೊಳೆದ್ರೂ ಹೋಗಲ್ಲ ಅಂತ ನಂಗೆ ಗೊತ್ತು. ಪಕ್ಕದ ಲ್ಯಾಬಿನ ಆಲೂಗಡ್ಡೆ ಬೇಯಿಸಿದ ಪಾತ್ರೆ. ಅದೂ ಮೂರು ದಿನ ಬಿಟ್ಟು ಹುಳಿ ಬಂದ್ಮೇಲೆ ಒಣಗಿದ್ರೆ ಉಗುರು ಹಾಕಿ ಕೆರೀಬೇಕು. ಕಾಕಂಬೀನ ಅದು ಹಿಡ್ಕೊಳ್ಳತ್ತೇನೋ ಅನ್ನಿಸ್ತು. ಆ ಹುಳಿಗಂಜಿ ಒಂದು ಬಕೆಟ್ ನಾಲ್ಕನೇ ಪೀಪಾಯಿಗೆ ಸುರಿದು, ಶುಕ್ರವಾರದಿಂದ ಸೋಮವಾರದ ತನಕ ಹೀಟರ್ ಪಕ್ಕ ಇಟ್ಟಿದ್ದೆ. ಕೇಳ್ದೆ ಮಾಡ್ಬಾರ್ದಿತ್ತು."

ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಮಾರ್ಲಿಸ್ ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು. ಬರೆದು ಮುಗಿಸಿ ತಲೆ ಎತ್ತಿದಾಗ ಕಂಡದ್ದು ಆ ಬೀಗದ ಕೈಗಳು. ಆಗ ಅವಳಿಗೆ ನಾಚಿಕೆಯಾಯಿತು. ಜಿಂಕೆಯ ವಿಷಯ ಸುಳ್ಳು ಎಂದು ಒಪ್ಪಿಕೊಂಡಳು.

"ಜಿಂಕೆ ಇಲ್ವಾ?" ಎಂದಳು ಆರ್ಡಿಸ್.

"ಇಲ್ಲ."

"ಒಂದೂ?"

"ಒಂದೂ ಇಲ್ಲ ಆರ್ಡಿಸ್. ಅದು ತಪ್ಪಲ್ಲ, ನೀವು ಕಂಡುಹಿಡಿದಿದೀರಿ. ಪೇಟೆಂಟಿಗೆ ನಿಮ್ಮ ಹೆಸರು ಬೇಕು."

ಆರ್ಡಿಸ್ ಬೀಗದ ಕೈ ವಾಪಸು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇದರಲ್ಲಿ ತಾನು ಮಾಡಿದ್ದೇನೂ ಇಲ್ಲ, ಅದು ಬರೀ ಪಾತ್ರೆ ತೊಳೆದ ನೀರು ಎಂದು ಹೇಳಿ, ರಬ್ಬರ್ ಕೈಗವಸು ಹಾಕಿಕೊಂಡು ನಲ್ಲಿ ತಿರುಗಿಸಿದಳು. ಮಾರ್ಲಿಸ್ ಎಷ್ಟು ಬೇಡಿಕೊಂಡರೂ ನೀರಿನ ಸದ್ದು ನಿಲ್ಲಲಿಲ್ಲ. ತಪ್ಪಿದ್ದಾಗ ಎದೆ ಕೊಟ್ಟು ನಿಂತವಳು ಮೆಚ್ಚುಗೆ ಕಂಡದ್ದೇ ಬೆನ್ನು ತಿರುಗಿಸಿದ್ದಳು.

ಹಾಲ್ವರ್ ಮತ್ತು ಲೈಲ್‌ಗೆ ಮಾತ್ರ ಜೈಲಿನಿಂದ ಬಿಡುಗಡೆಯಾದಷ್ಟು ಸಂತೋಷ. ಅಳೆದು ತೂಗಿದವರು ಕಂಡುಹಿಡಿದವರಾಗುವುದಿಲ್ಲ ಎಂದು ರೋಸಲಿ ಫೋನಿನಲ್ಲಿ ತೀರ್ಪು ಕೊಟ್ಟಾಗ ಇಬ್ಬರೂ ಕೈ ಕುಲುಕಿಕೊಂಡರಂತೆ. ಆ ಮಧ್ಯಾಹ್ನವೆಲ್ಲ ಹಾಲ್ವರ್ ತೊಟ್ಟಿಯ ಪಕ್ಕ ನಿಂತು ಬಟ್ಟೆ ಹಿಡಿದು ಪಾತ್ರೆ ಒರೆಸಿದ. ಎರಡು ಪಾತ್ರೆ ಒಡೆದ.

ಶುಕ್ರವಾರ ಹತ್ತೂವರೆಗೆ ಆರ್ಡಿಸ್ ತಾನಾಗಿ ಪರವಾನಗಿ ಕಚೇರಿಗೆ ಬಂದಳು, ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು. ಸಹಿ ಮಾಡಲು ಬಂದದ್ದಲ್ಲ, ನಿನ್ನೆ ಮುಖಕ್ಕೆ ಹೊಡೆದಂತೆ ನಡೆದುಕೊಂಡದ್ದಕ್ಕೆ ಕ್ಷಮೆ ಕೇಳಲು ಬಂದದ್ದು ಎಂದಳು. ಮಾರ್ಲಿಸ್ ಕುರ್ಚಿ ಎಳೆದು ಕೂರಿಸಿ, ಪ್ರಮಾಣಪತ್ರವನ್ನು ಮುಂದಿಟ್ಟಳು. ಆರ್ಡಿಸ್ ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದಳು. 'ನಾನೇ ಇದರ ಮೂಲ ಸಂಶೋಧಕಿ ಎಂದು ನಂಬಿದ್ದೇನೆ' ಎಂಬಲ್ಲಿ ಬೆರಳು ನಿಂತಿತು.

"ಮೂಲ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು."

"ಅದು ಸರ್ಕಾರದ ಮಾತು, ತೆಗೆಯೋಕಾಗಲ್ಲ."

"ಇದನ್ನ ಯಾರು ಬೇಕಾದ್ರೂ ನೋಡ್ಬೋದಾ?"

"ಪ್ರಪಂಚದಲ್ಲಿ ಯಾರು ಬೇಕಾದ್ರೂ."

ಆರ್ಡಿಸ್ ಕಾಗದವನ್ನು ಮೆಲ್ಲಗೆ ದೂರ ಸರಿಸಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗುತ್ತ ಬಂದಿತ್ತು. ಮಾರ್ಲಿಸ್ ಇನ್ನು ಹೊಗಳಿ ಪ್ರಯೋಜನವಿಲ್ಲವೆಂದು ಬಿಟ್ಟಳು. ತಾನು ಸಹಿ ಹಾಕದಿದ್ದರೆ ಏನಾಗುತ್ತದೆ ಎಂದು ಆರ್ಡಿಸ್ ಕೇಳಿದಾಗ, ಈ ಸಲ ಸುಳ್ಳಿಲ್ಲದೆ ಇದ್ದದ್ದನ್ನು ಇದ್ದಂತೆ ಹೇಳಿದಳು: ಹನ್ನೆರಡು ಗಂಟೆಗೆ ಪೇಟೆಂಟ್ ಹೋಗುತ್ತದೆ, ಕರ್ಟ್ ಪರವಾನಗಿ ತೆಗೆದುಕೊಳ್ಳುವುದಿಲ್ಲ, ಮನೆಯಲ್ಲಿರಿ ಎಂದಿರುವ ಇಪ್ಪತ್ತಾರು ಜನ ಮನೆಯಲ್ಲೇ ಇರುತ್ತಾರೆ.

ಆರ್ಡಿಸ್ ಮತ್ತೆ ಆ ಕಾಗದ ನೋಡಿದಳು.

"ಅಂದ್ರೆ ಸಹಿ ಹಾಕದಿದ್ರೆ ತಪ್ಪು ನಂದಾಗತ್ತೆ."

"ಪೂರ್ತಿ ನಿಮ್ಮದೇ," ಎಂದಳು ಮಾರ್ಲಿಸ್, ಸ್ವಲ್ಪವೂ ನಾಚಿಕೆಯಿಲ್ಲದೆ.

"ಹಾಗಾದ್ರೆ ಪೆನ್ನು ಕೊಡಿ."

ಆರ್ಡಿಸ್ ಇವಾಂಜೆಲಿನ್ ಮೋಯೆನ್ ಎಂದು ಶಾಲೆಯಲ್ಲಿ ಕಲಿಸಿದ ದುಂಡು ಅಕ್ಷರದಲ್ಲಿ ಬರೆದಳು. ಮಾರ್ಲಿಸ್ ಆ ಹಾಳೆಯನ್ನು ಕಸಿದುಕೊಂಡಂತೆ ತೆಗೆದುಕೊಂಡು ರೋಸಲಿಗೆ ಕಳಿಸಿದಳು. ಹನ್ನೊಂದೂ ನಲವತ್ತಕ್ಕೆ ಉತ್ತರ ಬಂತು, ಅರ್ಜಿ ದಾಖಲಾಗಿದೆ ಎಂದು. ಅವಳು ಕರ್ಟ್‌ಗೆ ಫೋನ್ ಮಾಡಿದಳು. ಅವನು ಪರವಾಗಿಲ್ಲ ಎಂದ, ಧ್ವನಿ ಒಡೆದಿತ್ತು. ಫೋನಿಟ್ಟಾಗ ಮಾರ್ಲಿಸ್‌ಗೆ ಕುಣಿಯಬೇಕೆನ್ನಿಸಿತು. ಮೇಜಿನ ಎದುರು ಆರ್ಡಿಸ್ ಇನ್ನೂ ಕೂತಿದ್ದಳು, ಕೋಟಿನ ಗುಂಡಿ ಹಾಕುತ್ತ, ಬಿಚ್ಚುತ್ತ. ನೀವಿನ್ನು ಹೋಗಬಹುದು, ಕೆಲಸ ಮುಗಿಯಿತು ಎಂದಳು ಮಾರ್ಲಿಸ್.

"ಅದು ಸರಿ," ಎಂದಳು ಆರ್ಡಿಸ್. "ಇನ್ನೂ ನಾಲ್ಕು ಇವೆ."

"ಏನು ನಾಲ್ಕು?"

"ಇದೇ ಥರದ್ದು. ಕೇಳ್ದೆ ಮಾಡಿದ್ದು. ಜೋಳದ ಲ್ಯಾಬಲ್ಲಿ ಎರಡು, ಆಲೂಗಡ್ಡೆದು ಒಂದು, ಇನ್ನೊಂದು ಯಾವ್ದಕ್ಕೆ ಸೇರತ್ತೋ ಗೊತ್ತಿಲ್ಲ. ತಪ್ಪು ಒಪ್ಕೊಳ್ಳೋದಾದ್ರೆ ಎಲ್ಲಾ ಒಟ್ಟಿಗೆ ಒಪ್ಕೊಂಡ್ಬಿಡೋಣ ಅಂತ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

"ಮೂವತ್ತೊಂದು ವರ್ಷ ಆಯ್ತು ನಾನಿಲ್ಲಿಗೆ ಬಂದು," ಎಂದಳು ಆರ್ಡಿಸ್, ದೂರಿನ ಸುಳಿವೂ ಇಲ್ಲದೆ. "ಯಾರೂ ಕೇಳ್ಲಿಲ್ಲ."

ಮಾರ್ಲಿಸ್‌ಳ ಕೆನ್ನೆ ಬಿಸಿಯಾಯಿತು. ಈ ಒಂದು ಹೆಸರಿಗಾಗಿ ಅವಳು ಆ ಲ್ಯಾಬಿಗೆ ಕಡಿಮೆಯೆಂದರೂ ನಲವತ್ತು ಸಲ ಹೋಗಿದ್ದಳು. ಪ್ರತಿ ಸಲವೂ ತೊಟ್ಟಿಯ ಪಕ್ಕದಲ್ಲೇ ನಿಂತು ಹಾಲ್ವರನನ್ನು ಕೇಳಿದ್ದಳು, ಲೈಲನನ್ನು ಕೇಳಿದ್ದಳು. ನೀರಿನ ಸದ್ದಿಗೆ ಅವರ ಮಾತು ಕೇಳಿಸುತ್ತಿಲ್ಲವೆಂದು ಎರಡು ಸಲ ಇದೇ ಆರ್ಡಿಸ್‌ಗೆ ನಲ್ಲಿ ನಿಲ್ಲಿಸಲು ಹೇಳಿದ್ದಳು. ಅವಳು ನಿಲ್ಲಿಸಿಯೂ ಇದ್ದಳು. ಕ್ಷಮೆ ಕೇಳಬೇಕೆಂದುಕೊಂಡವಳು ಬಿಟ್ಟಳು. ಕೇಳಿದರೆ ಆರ್ಡಿಸ್ ಖಂಡಿತ ತಪ್ಪು ತನ್ನದೆಂದು ಎಳೆದುಕೊಳ್ಳುತ್ತಿದ್ದಳು. ಮಾರ್ಲಿಸ್ ಎದ್ದು ಬಾಗಿಲು ಹಾಕಿ, ಹೊಸ ಪೆನ್ನು ತೆಗೆದುಕೊಂಡು, ಕುರ್ಚಿಯನ್ನು ಮೇಜಿನ ಈಚೆಗೆ, ಅವಳ ಪಕ್ಕಕ್ಕೆ ಎಳೆದುಕೊಂಡು ಕೂತಳು.

"ಹೇಳಿ," ಎಂದಳು. "ಮೊದಲನೇದು ಯಾವ್ದು?"